ಮೈಕಣ್ಣನೂ ಗುಡುಗಪ್ಪನ ಪಿಸುಮಾತೂ

ಮೈಕಣ್ಣನ ಎಡಹುಬ್ಬಿನ ಮೇಲಿದ್ದ ಗಾಯದ ಗುರುತು ಒಬ್ಬ ಮಂತ್ರಿಗಳದು. ಮಂತ್ರಿಗಳು ಸ್ವತಃ ಹೊಡೆದದ್ದಲ್ಲ. ಅವರಿಗೆಂದು ಜನ ಬೀಸಿದ ಕಲ್ಲು ಗುರಿ ತಪ್ಪಿ, ವೇದಿಕೆಯ ಪಕ್ಕದಲ್ಲಿ ಆಂಪ್ಲಿಫೈಯರಿನ ಮುಂದೆ ಕುಳಿತಿದ್ದ ಇವನಿಗೆ ಬಂದು ಬಡಿದದ್ದು. ಉದುರಿದ ಎರಡು ಹಲ್ಲುಗಳಲ್ಲಿ ಒಂದು ಆಳುವ ಪಕ್ಷದ ಸಭೆಯದು, ಇನ್ನೊಂದು ವಿರೋಧ ಪಕ್ಷದ್ದು. ಬಲಗಾಲಿನ ಕುಂಟು ಯಾವ ಪಕ್ಷಕ್ಕೂ ಸೇರದ್ದು: ವಿಜ್ಞಾನಿಗಳ ಒಂದು ಸಭೆಯಲ್ಲಿ ಹೊಡೆದಾಟ ಹತ್ತಿ, ಧ್ವನಿವರ್ಧಕದ ಹಾರ್ನ್ ಕಟ್ಟಿದ್ದ ಕಂಬವೇ ಅವನ ಮೊಣಕಾಲಿನ ಮೇಲೆ ಉರುಳಿತ್ತು. “ದೊಡ್ಡವರ ಮಾತು ಮೈಗೆ ಹತ್ತಬೇಕು ಅಂತಾರಲ್ಲ, ನನಗೆ ಸರಿಯಾಗೇ ಹತ್ತಿದೆ” ಎಂದು ಅವನು ಹಲ್ಲಿನ ಸಂದಿ ತೋರಿಸಿ ನಗುತ್ತಿದ್ದನು.

ಮೂವತ್ತನಾಲ್ಕು ವರ್ಷ ಅವನು ಸಭೆಗಳಿಗೆ ಮೈಕು ಹಾಕಿದನು. ಹೆತ್ತವರು ಇಟ್ಟ ಹೆಸರು ಊರಿಗೆ ಮರೆತೇ ಹೋಗಿತ್ತು. ಕಸುಬು ಕಲಿಸಿದ ಮುದಿ ಮೇಸ್ತ್ರಿ ಮಾತಿನಲ್ಲಿ ಕಲಿಸಿದವನಲ್ಲ, ವೈರಿನಲ್ಲಿ ಕಲಿಸಿದವನು. ದಪ್ಪ ವೈರನ್ನು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿ ಇಟ್ಟುಕೊಂಡಿರುತ್ತಿದ್ದನು. ಭಾಷಣಕಾರರ ದನಿ ಏರಿದಾಗ ಶಿಷ್ಯನ ಕೈ ವಾಲ್ಯೂಮ್ ಗುಂಡಿಯನ್ನು ಇಳಿಸಬೇಕು. ದನಿ ತಗ್ಗಿದಾಗ ಏರಿಸಬೇಕು. ಒಂದು ಉಸಿರು ತಡವಾದರೆ ಬೆರಳ ಗೆಣ್ಣಿನ ಮೇಲೆ ವೈರು ಚಟೀರೆನ್ನುತ್ತಿತ್ತು. “ಕಡೇ ಸಾಲಲ್ಲಿ ಕೂತಿರೋ ಮುದುಕಿಗೂ ಕೇಳಬೇಕು ಕಣೋ, ಕತ್ತೆ! ಅವಳೇನು ಪಾಪ ಮಾಡಿದಾಳೆ?” ಚರ್ಮ ಸುಲಿದು, ಕೀವು ತುಂಬಿ, ವಾಸಿಯಾಗಿ, ಮತ್ತೆ ಸುಲಿದು, ಎರಡು ವರ್ಷದಲ್ಲಿ ಆ ಕೈಗೆ ತನ್ನದೇ ಬುದ್ಧಿ ಬಂದುಬಿಟ್ಟಿತು. ಆಮೇಲೆ ಮೈಕಣ್ಣ ಯೋಚಿಸುವ ಅಗತ್ಯವೇ ಇರಲಿಲ್ಲ. ಮನೆಯಲ್ಲಿ ಹೆಂಡತಿ ಯಾವುದೋ ಗುಟ್ಟನ್ನು ದನಿ ತಗ್ಗಿಸಿ ಹೇಳತೊಡಗಿದರೆ, ಮೊಣಕಾಲಿನ ಮೇಲಿದ್ದ ಅವನ ಬೆರಳುಗಳು ತಾವಾಗಿಯೇ ತಿರುಗುತ್ತಿದ್ದವು. “ನೋಡಿ, ನನ್ನ ದನೀನ ಬೀದಿಗೆ ಬಿಡ್ತಿದೀರಾ” ಎಂದು ಅವಳು ಆ ಕೈಗೆ ಹೊಡೆಯುತ್ತಿದ್ದಳು.

ಅವನ ಕೆಲಸದ ರೀತಿಯಲ್ಲಿ ಇನ್ನೊಂದು ವಿಚಿತ್ರವಿತ್ತು. ಅವನು ದನಿಯನ್ನು ಕೇಳುತ್ತಿದ್ದನು, ಮಾತನ್ನು ಕೇಳುತ್ತಿರಲಿಲ್ಲ. ಭಾಷಣಕಾರರ ಕುತ್ತಿಗೆಯ ನರವನ್ನೇ ನೋಡುತ್ತ ಕುಳಿತುಬಿಡುತ್ತಿದ್ದನು. ನರ ಉಬ್ಬಿತೆಂದರೆ ಕೂಗು ಬರುತ್ತದೆ, ಸಡಿಲವಾಯಿತೆಂದರೆ ಕರುಣೆ ಬರುತ್ತದೆ.

ಆ ಕೆಲವು ವರ್ಷಗಳಲ್ಲಿ ಎಲ್ಲ ಸಭೆಗಳೂ ಒಂದೇ ವಿಷಯದ ಮೇಲೆ ನಡೆಯುತ್ತಿದ್ದವು. ಹೊಸ ಯಂತ್ರಗಳು ಬರುತ್ತಿವೆ, ಅವು ನೋಡಬಲ್ಲವು, ಓದಬಲ್ಲವು, ಮಾತಾಡಬಲ್ಲವು. ಇದರಿಂದ ಜನಕ್ಕೆ ಒಳ್ಳೆಯದಾಗುತ್ತದೆಯೋ ಕೆಟ್ಟದ್ದಾಗುತ್ತದೆಯೋ? ಮಂತ್ರಿಗಳು ಬಂದು, ಯಂತ್ರವೆಂಬುದು ಕರೆದಷ್ಟೂ ಹಾಲು ಕೊಡುವ ಹಸು, ಬೆವರಿನ ಕಾಲ ಮುಗಿಯಿತು ಎಂದರು. ಕಾರ್ಮಿಕರ ಮುಂದಾಳು ಬಂದು, ಅದು ಹಸುವಲ್ಲ, ಹಸುವಿನ ಕೆಚ್ಚಲಿಗೆ ಬಾಯಿಟ್ಟ ಹಾವು ಎಂದನು. ಆ ಮುಂದಾಳಿಗೆ ಊರು ಗುಡುಗಪ್ಪ ಎಂದು ಹೆಸರಿಟ್ಟಿತ್ತು. ಮೈಕಿಲ್ಲದೆಯೂ ಅರ್ಧ ಮೈಲಿ ಕೇಳುವ ಕಂಠ. ಒಬ್ಬ ಪ್ರೊಫೆಸರಮ್ಮನೂ ಬಂದಿದ್ದರು. “ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳಬೇಡಿ. ಅದನ್ನು ತರುವ ಮೊದಲು ನಿಮ್ಮನ್ನು ಯಾರಾದರೂ ಕೇಳಿದರೇ ಎಂದು ನೀವು ಕೇಳಿ” ಎಂದರು. ಈ ಮಾತು ಎರಡು ಕಡೆಯವರಿಗೂ ಹಿಡಿಸಲಿಲ್ಲ. ಎರಡು ಕಡೆಯಿಂದಲೂ ಚಪ್ಪಲಿಗಳು ತೂರಿಬಂದವು. ಕಂಬ ಉರುಳಿ ಮೈಕಣ್ಣನ ಕಾಲು ಮುರಿದದ್ದು ಆ ದಿನವೇ.

“ಯಾರು ಹೇಳಿದ್ದು ಸರಿ ಮೈಕಣ್ಣಾ? ಎಲ್ಲರದ್ದೂ ಹತ್ತಿರದಿಂದ ಕೇಳಿದೀಯಲ್ಲ” ಎಂದು ಜನ ಕೇಳಿದರೆ ಅವನು ಗಂಭೀರವಾಗಿ, “ಮಂತ್ರಿಗಳ ಗಂಟಲು ಚೆನ್ನಾಗಿದೆ. ಪ್ರೊಫೆಸರಮ್ಮನಿಗೆ ಪಾಪ ಸ್ವಲ್ಪ ಶೀತ ಆಗಿತ್ತು” ಎನ್ನುತ್ತಿದ್ದನು.

ಆದರೆ ಮನೆಯೊಳಗೆ ಹಾಗೆ ಜಾರಿಕೊಳ್ಳಲು ಆಗುತ್ತಿರಲಿಲ್ಲ. ಅವನ ಹೆಂಡತಿ ಊರಾಚೆಯ ಬಾಟಲಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಅವಳದು ನೋಡುವ ಕೆಲಸ. ಉರಿಯುವ ದೀಪದ ಮುಂದೆ ಬಾಟಲಿಗಳು ಸಾಲಾಗಿ ಸಾಗುವಾಗ, ಬಿರುಕು ಬಿಟ್ಟದ್ದನ್ನೂ ಗುಳ್ಳೆ ಬಂದದ್ದನ್ನೂ ಆರಿಸಿ ಹಿಂದಿನ ರಾಶಿಗೆ ಎಸೆಯಬೇಕು. ಅಂಥ ಐವತ್ತು ಹೆಂಗಸರಿದ್ದರು. ಒಂದು ಸೋಮವಾರ ದೀಪಗಳ ಜಾಗದಲ್ಲಿ ಕ್ಯಾಮೆರಾ ಹೊತ್ತ ಯಂತ್ರವೊಂದು ಬಂದು ನಿಂತಿತು. ಹೆಂಗಸರು ಅದಕ್ಕೆ ಒಂಟಿಗಣ್ಣ ಎಂದು ಹೆಸರಿಟ್ಟರು. ತಿಂಗಳೊಳಗೆ ನಲವತ್ತು ಮಂದಿ ಮನೆಗೆ ಹೋದರು, ಇವಳೂ ಹೋದಳು. ಯಂತ್ರವನ್ನು ನಡೆಸಲು ಕಾರ್ಖಾನೆಯವರು ಗಾಜಿನ ಕೋಣೆಯೊಂದನ್ನು ಕಟ್ಟಿ, ಅದರಲ್ಲಿ ಒಬ್ಬನನ್ನು ಕೂರಿಸಿದರು. ಅವನು ಮೈಕಣ್ಣನ ಒಡಹುಟ್ಟಿದ ತಮ್ಮ.

ಹದಿನಾಲ್ಕು ವರ್ಷ ಚಿಕ್ಕವನು. ತಾಯಿ ತೀರಿಕೊಂಡ ಮೇಲೆ ಅಣ್ಣನೇ ಅವನನ್ನು ಹೆಗಲ ಮೇಲೆ ಹೊತ್ತು ಸಭೆಯಿಂದ ಸಭೆಗೆ ಅಲೆದು ಸಾಕಿದ್ದನು. ಓದಿನಲ್ಲಿ ಚುರುಕು, ಬೆರಳುಗಳು ಇನ್ನೂ ಚುರುಕು. ಈಗ ಒಂದೇ ಮನೆಯಲ್ಲಿ ಮೂವರು: ಕೆಲಸ ಕಳೆದುಕೊಂಡವಳು, ಕೆಲಸ ಕಳೆದ ಯಂತ್ರವನ್ನು ನಡೆಸುವವನು, ಇಬ್ಬರ ನಡುವೆ ತಟ್ಟೆ ನೋಡುತ್ತ ಕುಳಿತವನು.

“ಏನಪ್ಪಾ, ನಿನ್ನ ಒಂಟಿಗಣ್ಣ ಊಟ ಮಾಡ್ತಾನಾ?” ಎಂದು ಅತ್ತಿಗೆ ಬಡಿಸುತ್ತ ಕೇಳುವಳು.

“ಇಲ್ಲ ಅತ್ತಿಗೆ.”

“ಮತ್ತೆ ನಮ್ಮ ತುತ್ತು ಕಿತ್ಕೊಂಡು ಏನ್ ಮಾಡ್ತಾನೆ?”

“ಕಿತ್ಕೊಂಡಿದ್ದು ಅವನಲ್ಲ ಅತ್ತಿಗೆ, ಮಾಲೀಕ. ಅವನಿಗೆ ಕಣ್ಣಿದೆ ಅಷ್ಟೇ, ಕೈ ಇಲ್ಲ.”

“ಕೈ ನಿಂದಿದೆಯಲ್ಲ!”

ತಮ್ಮ ತಲೆ ತಗ್ಗಿಸುವನು. ಅತ್ತಿಗೆ ಬೈಯುತ್ತಲೇ ಅವನ ತಟ್ಟೆಗೆ ಇನ್ನೊಂದು ಸಲ ಬಡಿಸುವಳು. ಬೈಯುವುದನ್ನೂ ಬಿಡಲಿಲ್ಲ, ಬಡಿಸುವುದನ್ನೂ ಬಿಡಲಿಲ್ಲ.

ಬೀದಿ ಅಷ್ಟು ಒಳ್ಳೆಯದಾಗಿರಲಿಲ್ಲ. ಮೊದಲು ತಮ್ಮನ ಮೇಲೆ ಉಗುಳಿದರು. ಆಮೇಲೆ ಒಂದು ಸಂಜೆ ಕಾರ್ಖಾನೆಯ ತಿರುವಿನಲ್ಲಿ ನಾಲ್ವರು ಅಡ್ಡಗಟ್ಟಿ ಕೆನ್ನೆಗೆ ಗುದ್ದಿದರು. ತುಟಿ ಸೀಳಿ, ಅಂಗಿ ಹರಿದುಕೊಂಡು ಬಂದನು. ಅತ್ತಿಗೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ರಕ್ತ ಒರೆಸುತ್ತ, “ಸರಿಯಾಗೇ ಮಾಡಿದ್ರು. ಯಾರೋ ಅವರು? ಹೆಸರು ಹೇಳು, ಅವರವ್ವಂದಿರ ಹತ್ರ ಹೋಗಿ ಕೇಳ್ತೀನಿ” ಎಂದಳು. ಎರಡು ದಿನ ಕಳೆದು ಅಡುಗೆಮನೆಯ ಕಿಟಕಿಯ ಮೂಲಕ ಇಟ್ಟಿಗೆ ಬಂದು ನೀರಿನ ಕೊಡದ ಮೇಲೆ ಬಿತ್ತು.

ಅದೇ ವಾರ ಗುಡುಗಪ್ಪನ ದೊಡ್ಡ ಸಭೆ. ಕಾರ್ಖಾನೆಯ ಎದುರಿನ ಬಯಲಿನಲ್ಲಿ ಐದು ಸಾವಿರ ಜನ. ವೇದಿಕೆಯಿಂದ ಕಾರ್ಖಾನೆಯ ಗೇಟಿನವರೆಗೂ, ಗೋಡೆಯ ಉದ್ದಕ್ಕೂ ಹಾರ್ನ್ ಕಟ್ಟಬೇಕು, ಒಳಗೆ ಕೆಲಸ ಮಾಡುವವರಿಗೂ ಕೇಳಬೇಕು ಎಂದು ಮುಂದಾಳಿನ ಅಪ್ಪಣೆಯಾಗಿತ್ತು. ಮೈಕಣ್ಣ ಹದಿನಾರು ಹಾರ್ನ್ ಕಟ್ಟಿದನು. ತಮ್ಮನದು ಮಧ್ಯಾಹ್ನದ ಪಾಳಿ. “ಇವತ್ತು ಹೋಗಬೇಡ ಕಣೋ” ಎಂದು ಹೇಳಿ ನೋಡಿದನು. “ನಾನು ಹೋಗದಿದ್ರೆ ಹೆದರಿದೆ ಅಂತಾರೆ ಅಣ್ಣ. ನೀನು ಹೋಗ್ತಿಲ್ವಾ?” ಎಂದು ತಮ್ಮ ನಗುತ್ತ ಊಟದ ಡಬ್ಬಿ ಹಿಡಿದು ಹೊರಟನು.

ಗುಡುಗಪ್ಪ ಒಂದು ಗಂಟೆ ಗುಡುಗಿದನು. ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿತ್ತು. ಜನ ಕುದಿಯುತ್ತಿದ್ದರು, ಯಾರೋ ಅಂಗಿ ಬಿಚ್ಚಿ ಸುತ್ತಿ ಬೀಸುತ್ತಿದ್ದನು, ಯಾರೋ ಬಿದಿರಿನ ಬೇಲಿಯನ್ನು ಕಿತ್ತು ಗಳ ಮಾಡಿಕೊಂಡಿದ್ದನು. ಕೊನೆಗೆ ಮುಂದಾಳು ಕೈಯೆತ್ತಿ, “ಆದರೂ ನಾವು ಶಾಂತಿಯಿಂದಲೇ ಹೋರಾಡುತ್ತೇವೆ!” ಎಂದು ಮುಗಿಸಿದನು. ಚಪ್ಪಾಳೆ ಬಿತ್ತು. ಅವನು ಮುಖ ಒರೆಸಿಕೊಳ್ಳುತ್ತ ಅರ್ಧ ಹಿಂದಕ್ಕೆ ತಿರುಗಿ, ಬೆನ್ನಿಗೆ ನಿಂತಿದ್ದ ತನ್ನ ಬಲಗೈ ಬಂಟನಿಗೆ ಏನನ್ನೋ ಮೆಲ್ಲಗೆ ಹೇಳತೊಡಗಿದನು. ದನಿ ತಗ್ಗಿತು.

ಮೈಕಣ್ಣನ ಕೈ ಗುಂಡಿಯನ್ನು ಏರಿಸಿತು.

ಹದಿನಾರು ಹಾರ್ನ್‌ಗಳೂ ಒಟ್ಟಿಗೆ ಪಿಸುಗುಟ್ಟಿದವು: “ಮೊದಲು ಆ ಗಾಜಿನ ಕೋಣೆಯವನ ಎರಡೂ ಕೈ ಮುರೀರಿ. ಮಷೀನು ತಾನಾಗೇ ನಿಲ್ಲುತ್ತೆ.”

ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಮೈಕಣ್ಣನಿಗೆ ದನಿಯಲ್ಲ, ಮಾತು ಕೇಳಿಸಿತು. ಅವನು ಗುಂಡಿಯನ್ನು ತಟಕ್ಕನೆ ಇಳಿಸಿದನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಯಲಿನ ಕಡೆಯ ಅಂಚಿನಿಂದ ಒಂದು ಕೂಗು ಎದ್ದಿತು. ಐದು ಸಾವಿರ ಜನ ಎದ್ದರು.

ಮೈಕಣ್ಣ ವೇದಿಕೆಗೆ ನೆಗೆದು, ಮುಂದಾಳನ್ನು ನೂಕಿ ಮೈಕು ಹಿಡಿದನು. ಮೂವತ್ತನಾಲ್ಕು ವರ್ಷ ಇತರರ ದನಿಯನ್ನೇ ಎತ್ತಿದವನು ಅಂದು ಮೊದಲ ಬಾರಿಗೆ ತನ್ನ ದನಿ ಎತ್ತಿದನು: “ತಮ್ಮಾ! ಓಡೋ! ಹಿಂದಿನ ಬಾಗಿಲಿಂದ ಓಡು! ಗಾಜಿನ ರಾಶಿ ಕಡೆಯಿಂದ ಓಡು!”

ಹದಿನಾರು ಹಾರ್ನ್‌ಗಳು ಅದನ್ನೂ ಅಷ್ಟೇ ಚೊಕ್ಕವಾಗಿ ಎಲ್ಲರಿಗೂ ಹೇಳಿದವು. ಗೇಟಿನ ಕಡೆಗೆ ನುಗ್ಗುತ್ತಿದ್ದ ಜನ ನಡುವೆಯೇ ಸೀಳಿ, ಅರ್ಧ ಪಾಲು ಹಿಂದಿನ ಬಾಗಿಲಿನ ಕಡೆಗೆ ತಿರುಗಿತು. ಅದನ್ನು ಕಂಡಾಗಲೇ ಅವನಿಗೆ ತಾನು ಮಾಡಿದ್ದು ಹೊಳೆದದ್ದು. ಬಲಗೈ ಬಂಟ ಮೈಕಿನ ಕಬ್ಬಿಣದ ಕಂಬವನ್ನೇ ಕಿತ್ತು ಅವನ ಭುಜಕ್ಕೆ ಬೀಸಿದನು. ಬಿದ್ದವನು ಎದ್ದು ಓಡಿದನು. ಕುರ್ಚಿಯೊಂದು ಬೆನ್ನಿಗೆ ಬಡಿಯಿತು. ಯಾರದೋ ಮೊಣಕೈ ಮೂಗಿಗೆ ತಾಗಿ ಬಾಯಿಗೆಲ್ಲ ರಕ್ತ ಇಳಿಯಿತು. ಕುಂಟುಗಾಲಿನಲ್ಲಿ, ತನ್ನನ್ನು ದಾಟಿ ಓಡುವ ಬೆನ್ನುಗಳನ್ನು ಹಿಡಿದು ಎಳೆಯುತ್ತ, ಕಚ್ಚುತ್ತ, ಅವನು ಕಾರ್ಖಾನೆಯ ಹಿಂಬದಿಗೆ ತಲುಪುವ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ಹಿಂದಿನ ಬಾಗಿಲ ಬಳಿ ಮುದಿ ಕಾವಲುಗಾರ ಬಿದ್ದಿದ್ದನು. “ಇವನು ಕೂಲಿಯವನು ಕಣ್ರೋ, ಬಿಡ್ರೋ” ಎಂದು ಅಡ್ಡ ನಿಂತದ್ದಕ್ಕೆ ಅವನ ತಲೆಗೆ ಗಳದಿಂದ ಹೊಡೆದಿದ್ದರು. ತಲೆಬುರುಡೆ ಒಂದು ಕಡೆ ತಗ್ಗಾಗಿತ್ತು. ಆಚೆಗೆ ಒಡೆದ ಬಾಟಲಿಗಳ ರಾಶಿ, ಮನೆಯೆತ್ತರ, ಬಿಸಿಲಿಗೆ ಹಸಿರಾಗಿ ಹೊಳೆಯುತ್ತಿತ್ತು. ಅದರ ಬುಡದಲ್ಲಿ ತಮ್ಮನನ್ನು ಬೋರಲು ಕೆಡವಿದ್ದರು. ತಳ್ಳುಗಾಡಿಯ ಕಬ್ಬಿಣದ ಹಳಿಯ ಮೇಲೆ ಅವನ ಕೈಗಳನ್ನು ಒಂದರ ಪಕ್ಕ ಒಂದು ಇಟ್ಟು, ಕೊಳವೆಯಿಂದ ಜಜ್ಜಿದ್ದರು. ಬೆರಳುಗಳು ಯಾವುವು ಅಂಗೈ ಯಾವುದು ಎಂದು ತಿಳಿಯುತ್ತಿರಲಿಲ್ಲ. ಮುಖದಲ್ಲಿ, ಎದೆಯಲ್ಲಿ ಗಾಜು ನಾಟಿತ್ತು. ಜ್ಞಾನ ತಪ್ಪಿರಲಿಲ್ಲ. ಅಣ್ಣನನ್ನು ನೋಡಿ, “ಕೈ ಮುಟ್ಟಬೇಡ” ಎಂದಷ್ಟೇ ಹೇಳಿದನು. ಒಳಗಡೆ ಒಂಟಿಗಣ್ಣನನ್ನು ಸುತ್ತಿಗೆಯಿಂದ ಒಡೆಯುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.

ಕಾವಲುಗಾರ ಮೂರನೆಯ ದಿನ ಸತ್ತನು. ತಮ್ಮನಿಗೆ ನಾಲ್ಕು ಸಲ ಕೊಯ್ದು ಹೊಲಿದರು. ಕೈಗಳನ್ನು ಉಳಿಸಿದೆವು, ಬೆರಳುಗಳ ಮಾತು ಹೇಳಲಾರೆವು ಎಂದರು ವೈದ್ಯರು.

ಆಸ್ಪತ್ರೆಯ ಹಾಸಿಗೆಯಲ್ಲಿ ತಮ್ಮ ಒಂದು ದಿನ ನಕ್ಕನು. “ಅಣ್ಣ, ಹಿಂದಿನ ಬಾಗಿಲಿಂದ ಓಡು ಅಂದೆಯಲ್ಲ, ಚಿಕ್ಕಂದಿನ ಹಾಗೆ ಹಿಂದೆಮುಂದೆ ನೋಡದೆ ಓಡಿದೆ ಕಣೋ. ಅರ್ಧ ದಾರಿಗೆ ಬಂದಾಗ ಹೊಳೀತು, ಅಯ್ಯೋ, ಇದು ಊರಿಗೆಲ್ಲ ಕೇಳಿದೆಯಲ್ಲ ಅಂತ.”

ಮೈಕಣ್ಣ ಹಣೆ ಬಡಿದುಕೊಂಡನು.

“ಬಿಡು. ನೀನು ಕೂಗದಿದ್ರೆ ಒಳಗೇ ಸುಟ್ಟುಹಾಕ್ತಿದ್ರು. ಅದಕ್ಕೆ ನಿನ್ನ ಮೇಲೆ ಏನೂ ಇಲ್ಲ. ಆದ್ರೆ ಆ ಗುಡುಗಪ್ಪ... ಐದು ಸಾವಿರ ಜನಕ್ಕೆ ನನ್ನ ಕೈ ತೋರಿಸಿಕೊಟ್ಟನಲ್ಲ ಅಣ್ಣ! ತನ್ನ ನಾಲ್ಕು ಪುಂಡರಿಗೆ ಹೇಳಿದ್ರೆ ನಾಲ್ಕು ಏಟು ತಿಂದು ಬರ್ತಿದ್ದೆ. ಆ ಮುದುಕ ಬದುಕಿರ್ತಿದ್ದ.”

ಗುಡುಗಪ್ಪ ಜನಕ್ಕೆ ಹೇಳಿದ್ದೇ ಅಲ್ಲ, ಒಬ್ಬನ ಕಿವಿಯಲ್ಲಿ ಹೇಳಿದ್ದು ಎಂಬುದು ತಮ್ಮನಿಗೆ ತಿಳಿದಿರಲಿಲ್ಲ. ಅದನ್ನು ಊರಿನ ಕಿವಿಗೆ ಹಾಕಿದ ಕೈ, ಅವನ ದಿಂಬನ್ನು ಸರಿಪಡಿಸುತ್ತಿದ್ದ ಈ ಕೈ.

ಪೊಲೀಸರು ಗುಡುಗಪ್ಪನ ಮೇಲೂ ಬಂಟನ ಮೇಲೂ ಮೊಕದ್ದಮೆ ಹೂಡಿದರು. ಗುಡುಗಪ್ಪ ಪತ್ರಿಕೆಯವರನ್ನು ಕರೆದು ಹೇಳಿದನು: “ಆ ದನಿ ನನ್ನದಲ್ಲ. ಈ ಕಾಲದಲ್ಲಿ ಯಂತ್ರ ಯಾರ ದನಿಯನ್ನಾದರೂ ಹುಟ್ಟಿಸುತ್ತದೆ. ಯಂತ್ರ ಅಪಾಯ ಎಂದು ನಾನು ಕೂಗಿ ಹೇಳಲಿಲ್ಲವೇ? ಮೊದಲ ಬಲಿ ನಾನೇ.” ಮಂತ್ರಿಗಳು ತಮ್ಮ ಕಡೆಯಿಂದ, “ಯಂತ್ರ ಸುಳ್ಳು ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ” ಎಂದರು. ಪತ್ರಿಕೆಗಳಿಗೆ ಹಬ್ಬವಾಯಿತು. ಜನರ ಫೋನುಗಳಲ್ಲಿ ಆ ಮಾತು ದಾಖಲಾಗಿತ್ತು, ಆದರೆ ಪರೀಕ್ಷೆ ಮಾಡಿದ ತಜ್ಞರು, ಹಾರ್ನಿನಿಂದ ಬಂದು ಗದ್ದಲದಲ್ಲಿ ಕಲಸಿಹೋದ ದನಿ, ಹೌದೆನ್ನಲೂ ಆಗದು ಅಲ್ಲವೆನ್ನಲೂ ಆಗದು ಎಂದು ಬರೆದುಕೊಟ್ಟರು. ಸಭೆಯಲ್ಲಿದ್ದವರಿಗೇ ಅನುಮಾನ ಹತ್ತಿತು. ಗುಡುಗಪ್ಪ ಹಾಗೆ ಪಿಸುಗುಟ್ಟಿದ್ದನ್ನು ಯಾರು ತಾನೇ ಕೇಳಿದ್ದರು? ಆ ಕಂಠಕ್ಕೆ ಪಿಸುಗುಟ್ಟಲು ಬರುತ್ತದೆಯೇ? ಯಾರೋ ವೈರಿನ ನಡುವೆ ಕಳ್ಳ ದನಿಯನ್ನು ಸೇರಿಸಿದ್ದಾರೆ ಎಂಬ ಮಾತು ಗಟ್ಟಿಯಾಗುತ್ತ ಬಂತು.

ಆ ಪಿಸುಮಾತು ಎಲ್ಲಿಂದ ಬಂತು, ಯಾಕೆ ಹಾಗೆ ಕೇಳಿಸಿತು ಎಂದು ಬಲ್ಲವನು ಒಬ್ಬನೇ. ನಿಜ ನಿಲ್ಲಬೇಕಾದರೆ ಅವನು ತನ್ನ ಕೈಯ ಸಂಗತಿಯನ್ನು ತಮ್ಮನೆದುರೇ ಹೇಳಬೇಕು.

ಬಲಗೈ ಬಂಟ ಇಬ್ಬರನ್ನು ಕಟ್ಟಿಕೊಂಡು ಮೈಕಣ್ಣನ ಅಂಗಡಿಗೆ ಬಂದನು. ಹಾಡಹಗಲು. ಬಾಗಿಲನ್ನು ಎಳೆದುಕೊಂಡು, ಸ್ಟೂಲಿನ ಮೇಲೆ ಕುಳಿತು ಸ್ನೇಹಿತನ ಹಾಗೆಯೇ ಮಾತು ತೆಗೆದನು.

“ಮೈಕಣ್ಣ, ಕಷ್ಟ ಏನಿಲ್ಲ. ಆವತ್ತು ನಿನ್ನ ಪೆಟ್ಟಿಗೆಗೆ ಯಾರೋ ಬೇರೆ ವೈರು ಸಿಕ್ಕಿಸಿದ್ರು, ನಾನು ನೋಡಲಿಲ್ಲ ಅನ್ನು. ಅಷ್ಟೇ. ನಮ್ಮವರೂ ಉಳೀತಾರೆ, ನೀನೂ ಉಳೀತೀಯ. ತಪ್ಪು ಮಷೀನಿಂದು. ಮಷೀನಿಗೇನು ಜೈಲಾ, ಹೆಂಡ್ತಿ ಮಕ್ಕಳಾ?”

ಮೈಕಣ್ಣ ಸುಮ್ಮನಿದ್ದನು. ಆ ಮಾತು ಅವನಿಗೆ ಎಷ್ಟು ಹಿತವಾಗಿ ಕೇಳಿಸಿತೆಂದರೆ ಅವನಿಗೇ ಹೆದರಿಕೆಯಾಯಿತು.

ಸುಮ್ಮನಿದ್ದದ್ದನ್ನು ಬಂಟ ಬೇರೆಯಾಗಿ ತಿಳಿದನು. ಇಬ್ಬರು ಅವನನ್ನು ಬೆಂಚಿನ ಮೇಲೆ ಬೋರಲು ಅದುಮಿದರು. ಬಂಟ ಮೇಜಿನ ಮೇಲಿದ್ದ ಇಕ್ಕಳವನ್ನೇ ತೆಗೆದುಕೊಂಡು ಅವನ ಕಿವಿಯ ಹಾಲೆಯನ್ನು ಹಿಡಿದು, ಮೆಲ್ಲಗೆ, ತಿರುಪು ಬಿಗಿಯುವ ಹಾಗೆ ತಿರುಚಿದನು. ಮೈಕಣ್ಣ ಬೆಂಚಿನ ಹಲಗೆಯನ್ನು ಕಚ್ಚಿದನು. ಕಿವಿಯ ಕೆಳಗಿನ ತುಣುಕು ಇಕ್ಕಳದಲ್ಲೇ ಉಳಿಯಿತು. “ಇನ್ನೊಂದಿದೆ” ಎಂದು ಬಂಟ ಅದನ್ನು ಮೇಜಿನ ಮೇಲಿಟ್ಟು ಹೊರಟನು.

ಹೆಂಡತಿ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದಳು.

“ಏನು ಹೇಳ್ತೀರಿ ಸೋಮವಾರ ಕೋರ್ಟಲ್ಲಿ?”

“ಏನು ಹೇಳೋದು... ನನಗೇನು ಗೊತ್ತು...”

“ನಾನು ವೇದಿಕೆ ಪಕ್ಕದಲ್ಲೇ ಇದ್ದೆ” ಎಂದಳು ಅವಳು. “ನಿಮ್ಮ ಕೈ ತಿರುಗಿದ್ದು ನೋಡಿದೆ.”

ಅವನು ತಲೆಯೆತ್ತಿದನು. “ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?”

“ನೀವು ಬಿಡ್ತೀರೋ ಇಲ್ವೋ ಅಂತ ಕಾಯ್ತಿದ್ದೆ.” ಅವಳು ಬಟ್ಟೆಯನ್ನು ತಿರುವಿ ಮತ್ತೆ ಒತ್ತಿದಳು. “ನಾನೂ ಆವತ್ತು ಒಳ್ಳೆಯವಳೇನಲ್ಲ. ಆ ಮಾತು ಕೇಳಿ ಜನ ಎದ್ದಾಗ ನಾನೂ ಎದ್ದು ಕೂಗಿದೆ. ಒಂಟಿಗಣ್ಣನ್ನ ಒಡೀರಿ ಅಂತ. ಗಾಜಿನ ಕೋಣೆಯವನು ಅಂದ್ರೆ ನಮ್ಮ ಹುಡುಗ ಅನ್ನೋದು ಅರೆಗಳಿಗೆ ನನ್ನ ತಲೆಗೇ ಬರಲಿಲ್ಲ ಕಣ್ರೀ. ಅರೆಗಳಿಗೆ. ನೀವು ಕೂಗಿದ ಮೇಲೆ ಬಂತು.” ಆಗ ಅವಳ ದನಿ ಒಡೆಯಿತು.

ಸೋಮವಾರ ನ್ಯಾಯಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸಾಲಿನಲ್ಲಿ ತಮ್ಮ ಕುಳಿತಿದ್ದನು. ಬಿಳಿಯ ಕಟ್ಟು ಸುತ್ತಿದ ಎರಡು ಕೈಗಳೂ ಮಡಿಲಲ್ಲಿ ಮಲಗಿಸಿದ ಕೂಸುಗಳ ಹಾಗಿದ್ದವು. ಮೈಕಣ್ಣ ಕಟಕಟೆಯಲ್ಲಿ ನಿಂತು, ವೈರು ಬೇರೆ ಇರಲಿಲ್ಲ, ದನಿ ಗುಡುಗಪ್ಪನದೇ ಎಂದನು.

“ಅವರು ಎಂದಾದರೂ ಹಾಗೆ ಪಿಸುಗುಟ್ಟಿ ಮಾತಾಡಿದ್ದುಂಟೆ?” ಎಂದು ಗುಡುಗಪ್ಪನ ವಕೀಲರು ಕೇಳಿದರು.

“ಜನಕ್ಕೆ ಮಾತಾಡಿದ್ದಲ್ಲ ಸ್ವಾಮಿ. ಹಿಂದಕ್ಕೆ ತಿರುಗಿ, ಪಕ್ಕದವನ ಕಿವಿಯಲ್ಲಿ ಹೇಳಿದ್ದು.”

“ಕಿವಿಯಲ್ಲಿ ಹೇಳಿದ್ದು ಅರ್ಧ ಮೈಲಿ ಕೇಳಿತೋ?”

“ಕೇಳುತ್ತೆ. ಪೆಟ್ಟಿಗೆ ತರಿಸಿ, ತೋರಿಸ್ತೀನಿ.”

ನ್ಯಾಯಾಧೀಶರು ಒಪ್ಪಿದರು. ಮಧ್ಯಾಹ್ನ ಆಂಪ್ಲಿಫೈಯರನ್ನೂ ಒಂದು ಹಾರ್ನನ್ನೂ ತಂದು ಸಭಾಂಗಣದ ಕೊನೆಯಲ್ಲಿ ಕಟ್ಟಿದರು. ಮೈಕಿನ ಮುಂದೆ ನ್ಯಾಯಾಲಯದ ಗುಮಾಸ್ತರನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿ ಏನಾದರೂ ಮೆಲ್ಲಗೆ ಅನ್ನಿ ಎಂದನು ಮೈಕಣ್ಣ. ಗುಮಾಸ್ತರು ಹಿಂದಕ್ಕೆ ತಿರುಗಿ ತಮ್ಮಷ್ಟಕ್ಕೇ ಏನೋ ಗೊಣಗಿದರು. ಮೈಕಣ್ಣನ ಕೈ ತಿರುಗಿತು. ಸಭಾಂಗಣದ ತುಂಬ, ಉಸಿರಿನ ಸದ್ದಿನೊಡನೆ, ಯಾರ ದನಿಯೆಂದೂ ತಿಳಿಯದ ಹಾಗೆ ಮಾತು ಹರಡಿತು: “ಅಯ್ಯೋ ಇದೆಲ್ಲ ಮುಗಿದು ಮನೆಗೆ ಹೋಗೋದು ಯಾವಾಗಪ್ಪಾ.” ಜನ ಗೊಳ್ಳೆಂದರು. ನ್ಯಾಯಾಧೀಶರೂ ಕನ್ನಡಕ ಒರೆಸಿಕೊಂಡರು. ಆಮೇಲೆ ಫೋನಿನಲ್ಲಿದ್ದ ಆ ದಿನದ ಪಿಸುಮಾತನ್ನು ಹಾಕಿ ಕೇಳಿದರು. ಅದೇ ಉಸಿರು, ಅದೇ ಪೊಳ್ಳು. ನಗು ನಿಂತಿತು.

ವಕೀಲರು ಎದ್ದುನಿಂತರು. “ಹಾಗಾದರೆ ಗುಂಡಿ ತಿರುಗಿಸಿ ಜನಕ್ಕೆ ಕೇಳಿಸಿದವನು ನೀನು.”

“ಕೈಗೆ ಅಭ್ಯಾಸ ಸ್ವಾಮಿ. ದನಿ ಇಳಿದರೆ ಅದು...” ಅವನು ಅಲ್ಲಿಗೆ ನಿಲ್ಲಿಸಿದನು. ತಮ್ಮನ ಕಡೆ ನೋಡಲಿಲ್ಲ. “ಅಲ್ಲ. ಕೈ ನನ್ನದೇ. ನಾನೇ ತಿರುಗಿಸಿದ್ದು.”

“ನೀನು ತಿರುಗಿಸದಿದ್ದರೆ ಕಾವಲುಗಾರ ಸಾಯುತ್ತಿರಲಿಲ್ಲ.”

“ಸಾಯ್ತಿರಲಿಲ್ಲ.”

“ನಿನ್ನ ತಮ್ಮನ ಕೈಗಳು?”

“ಅವನ ಕೈ ಮುರೀರಿ ಅಂದೋರು ಅಲ್ಲಿ ಕೂತಿದಾರೆ. ಎಲ್ಲರಿಗೂ ಕೇಳಿಸಿದೋನು ಇಲ್ಲಿ ನಿಂತಿದೀನಿ. ಬರಕೊಳ್ಳಿ ಸ್ವಾಮಿ, ಎರಡನ್ನೂ ಬರಕೊಳ್ಳಿ.”

ಗುಡುಗಪ್ಪ ಕುಳಿತಲ್ಲೇ ಬಲಗೈ ಬಂಟನ ಕಡೆ ಬಾಗಿ ಏನೋ ಹೇಳಹೊರಟು, ಹಾರ್ನನ್ನು ನೋಡಿ ಬಾಯಿ ಮುಚ್ಚಿಕೊಂಡನು.

ಹೊರಗೆ ಮೆಟ್ಟಿಲ ಬಳಿ ತಮ್ಮ ಕಾದಿದ್ದನು. ಅಣ್ಣ ಹತ್ತಿರ ಬಂದು, “ತಮ್ಮಾ...” ಎಂದು ಬಾಯಿ ತೆರೆಯುವಷ್ಟರಲ್ಲಿ, ತಮ್ಮ ಇದ್ದ ಬಲವನ್ನೆಲ್ಲ ಕೂಡಿಸಿ ಅವನ ಎದೆಗೆ ಒದ್ದನು. ಮೈಕಣ್ಣ ಒಂಬತ್ತು ಮೆಟ್ಟಿಲುಗಳನ್ನು ಉರುಳಿ ಕಲ್ಲುಹಾಸಿನ ಮೇಲೆ ಬಿದ್ದನು. ಪಕ್ಕೆಯಲ್ಲಿ ಏನೋ ಲಟ್ಟೆಂದಿತು. ತಮ್ಮ ಇಳಿದು ಬಂದು ಮತ್ತೆ ಒದ್ದನು.

“ಎರಡು ತಿಂಗಳು! ಎರಡು ತಿಂಗಳು ನನ್ನ ಬಾಯಿಗೆ ತುತ್ತಿಟ್ಟೆ, ನನ್ನ ಮುಖ ತೊಳೆದೆ! ಒಂದು ದಿನ ಹೇಳೋಕೆ ಬಾಯಿ ಬರಲಿಲ್ವೇನೋ?” ಇನ್ನೊಂದು ಒದೆ. “ಕೈ ಇದ್ದಿದ್ರೆ ಕತ್ತು ಹಿಸುಕ್ತಿದ್ದೆ ನಿಂದು!”

ಮೈಕಣ್ಣ ತಡೆಯಲಿಲ್ಲ, ಮುಖವನ್ನೂ ಮುಚ್ಚಿಕೊಳ್ಳಲಿಲ್ಲ. ಅವನ ಹೆಂಡತಿ ಓಡಿಬಂದು ಮೈದುನನನ್ನು ಸೊಂಟಕ್ಕೆ ಹಿಡಿದು ಹಿಂದಕ್ಕೆಳೆದಳು. “ಸಾಕು ಮರಿ, ಸಾಕು. ಸತ್ತುಹೋದ್ರೆ ಯಾರ ಮೇಲೆ ಸಿಟ್ಟು ಮಾಡ್ಕೋತೀಯ?” ಅವನು ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದು, ಕಟ್ಟಿದ ಕೈಗಳಲ್ಲಿ ಮುಖ ಮುಚ್ಚಿಕೊಳ್ಳಲು ಹೋಗಿ, ನೋವು ತಾಳಲಾರದೆ ಕೂಗಿಕೊಂಡನು.

ಗುಡುಗಪ್ಪನಿಗೂ ಬಂಟನಿಗೂ ಹನ್ನೊಂದು ವರ್ಷದ ಸೆರೆಯಾಯಿತು. ಮೈಕಣ್ಣನ ಹೇಳಿಕೆಯೇ ಆಧಾರ ಎಂದು ತೀರ್ಪಿನಲ್ಲಿ ಬರೆದಿದ್ದರು. ಅವನ ಮೇಲೆ ಮೊಕದ್ದಮೆಯೇನೂ ಆಗಲಿಲ್ಲ. ಆದರೆ ಕಾವಲುಗಾರನ ಹೆಂಡತಿ ಒಂದು ದಿನ ಬಂದು, ಏನೂ ಮಾತಾಡದೆ ಅವನ ಕೆನ್ನೆಗೆ ಎರಡು ಬಾರಿಸಿ ಹೋದಳು.

ಮೂರು ಪಕ್ಕೆಲುಬು ಮುರಿದವನು ಬಲಗೈ ಎತ್ತುವಂತಿರಲಿಲ್ಲ. ತಮ್ಮನಿಗೆ ಎತ್ತುವ ಕೈಯೇ ಇರಲಿಲ್ಲ. ಹೆಂಡತಿ ಇಬ್ಬರನ್ನೂ ಎದುರುಬದುರು ಕೂರಿಸಿ, ಒಂದೇ ತಟ್ಟೆಯಿಂದ ಇಬ್ಬರಿಗೂ ಉಣಿಸುತ್ತಿದ್ದಳು. “ಮಕ್ಕಳಿಲ್ಲ ಅಂತ ಕೊರಗ್ತಿದ್ದೆ. ನೋಡಿ, ಮೀಸೆ ಬಂದ ಎರಡು ಕೂಸು” ಎನ್ನುವಳು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ನುಂಗುವರು. ಹತ್ತೊಂಬತ್ತು ದಿನ ಹಾಗೆಯೇ ಕಳೆಯಿತು.

ಇಪ್ಪತ್ತನೆಯ ದಿನ, ತುತ್ತಿನ ನಡುವೆ ತಮ್ಮ ಕೇಳಿದನು.

“ಎಷ್ಟು ತಿರುಗಿಸಿದೆ?”

ಅತ್ತಿಗೆಯ ಕೈ ನಿಂತಿತು.

ಮೈಕಣ್ಣ ಎಡಗೈಯನ್ನು ಮುಂದೆ ಚಾಚಿ, ಗಾಳಿಯಲ್ಲಿ ಗುಂಡಿ ಹಿಡಿದ ಹಾಗೆ ಮೂರು ಬೆರಳು ಕೂಡಿಸಿ, ಕಂಡೂ ಕಾಣದಷ್ಟು ತಿರುಗಿಸಿದನು. “ಇಷ್ಟು.”

“ಇಷ್ಟೇನಾ?”

“ಇಷ್ಟೇ.”

ತಮ್ಮ ಆ ಬೆರಳುಗಳನ್ನು ನೋಡಿದನು. ಆಮೇಲೆ ಕಟ್ಟು ಬಿಚ್ಚಿದ ತನ್ನ ಬಲಗೈಯನ್ನು ಮಡಿಲಿನಿಂದ ಎತ್ತಿದನು. ಕೆಂಪಗೆ, ಹೊಲಿಗೆಯ ಗೆರೆಗಳಿಂದ ತುಂಬಿದ, ಯಾವ ಕಡೆಗೂ ನೇರವಾಗಿಲ್ಲದ ಬೆರಳುಗಳು. ಅವುಗಳನ್ನು ಅಣ್ಣನ ಬೆರಳುಗಳ ಪಕ್ಕಕ್ಕೆ ತಂದು, ಹಲ್ಲು ಕಚ್ಚಿ, ಅಷ್ಟೇ ತಿರುಗಿಸಲು ಯತ್ನಿಸಿದನು. ಹಣೆಯ ಮೇಲೆ ಬೆವರು ಮೂಡಿತು. ಬೆರಳುಗಳು ಕೂಡಲಿಲ್ಲ. ಮತ್ತೆ ಯತ್ನಿಸಿದನು. ಹೆಬ್ಬೆರಳೊಂದು ನಡುಗಿತು.

“ಹಿಡ್ಕೊ” ಎಂದನು ಅಣ್ಣನಿಗೆ. “ಕೆಳಗಿಂದ ಹಿಡ್ಕೊ. ಜೋರಾಗಿ ಬೇಡ.”

ಮೈಕಣ್ಣ ತನ್ನ ಎಡಗೈಯನ್ನು ಆ ಮುರಿದ ಬೆರಳುಗಳ ಕೆಳಗೆ ಒಡ್ಡಿದನು. ತಮ್ಮ ನೋವಿಗೆ ಕೆಟ್ಟದಾಗಿ ಬೈದನು, ಅಣ್ಣನನ್ನೇ ಬೈದನು, ಆದರೆ ಕೈ ತೆಗೆಯಲಿಲ್ಲ.